ದಯವಿಟ್ಟು ಹೊಸಬರಾಗಿ ಬರಬೇಡಿ

ಎಚ್‌ಐವಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಹೊಸದಾಗಿ ಹೆಸರು ಬರೆಸುವವರಲ್ಲಿ ಕೆಲವರು ಹೊಸಬರೇ ಅಲ್ಲ. ಬೇರೆ ಊರಲ್ಲಿ ವರ್ಷಗಟ್ಟಲೆ ಮಾತ್ರೆ ತಗೊಂಡವರು. ಊರು ಬಿಟ್ಟಿರುತ್ತಾರೆ, ಹಳೇ ಕೇಂದ್ರಕ್ಕೆ ಹೇಳಿರುವುದಿಲ್ಲ. ಇಲ್ಲಿ ಬಂದು ಎಚ್‌ಐವಿ ಪರೀಕ್ಷೆ ಮಾಡುವ ಐಸಿಟಿಸಿ ಕೇಂದ್ರದಲ್ಲಿ ಮತ್ತೆ ರಕ್ತ ಕೊಟ್ಟು, ಇವತ್ತೇ ಗೊತ್ತಾಯಿತು ಅನ್ನೋ ಹಾಗೆ ತಲೆ ತಗ್ಗಿಸಿ ಕೂತಿರುತ್ತಾರೆ. ನಮ್ಮ ಆಪ್ತಸಮಾಲೋಚಕಿ ಅವರಿಗೆ ಧೈರ್ಯ ಹೇಳುತ್ತಾ, ಎಚ್‌ಐವಿ ಅಂದರೇನು ಅಂತ ಮೊದಲಿನಿಂದ ಶುರುಮಾಡಿರುತ್ತಾಳೆ. ಈ ಒಂದು ವಿಷಯ ನನ್ನನ್ನು ಕಾಡುವಷ್ಟು ಬೇರೆ ಯಾವುದೂ ಕಾಡುವುದಿಲ್ಲ. ಯಾಕೆಂದರೆ ಇದರಿಂದ ಆಗುವ ಹಾನಿ ಅವತ್ತು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದು ಸಾಧ್ಯವಾಗುವುದು ಹೇಗೆ? ಐಸಿಟಿಸಿಯ ಪರೀಕ್ಷೆ ಮುಖ್ಯವಾಗಿ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ಮೈಯಲ್ಲಿ ಹುಟ್ಟಿದ ಪ್ರತಿಕಾಯಗಳನ್ನು. ಹತ್ತು ವರ್ಷ ತಪ್ಪದೆ ಮಾತ್ರೆ ತಗೊಂಡು, ರಕ್ತದಲ್ಲಿ ವೈರಸ್ ಲೆಕ್ಕಕ್ಕೇ ಸಿಗದಷ್ಟು ಇಳಿದಿದ್ದರೂ ಅದು ಪಾಸಿಟಿವ್ ಅಂತಲೇ ಬರುತ್ತದೆ. ಹಳಬರೋ ಹೊಸಬರೋ ಅದಕ್ಕೆ ತಿಳಿಯುವುದಿಲ್ಲ. 2017ರಿಂದ ನಮ್ಮಲ್ಲಿ ಸಿಡಿ4 (ಸೋಂಕಿನ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ) ಎಷ್ಟೇ ಇರಲಿ, ಪಾಸಿಟಿವ್ ಬಂದವರಿಗೆಲ್ಲ ಚಿಕಿತ್ಸೆ ಕೊಡುತ್ತೇವೆ. ಹಾಗಾಗಿ ಹೊಸಬರು ಅಂತ ಹೇಳಿಕೊಂಡರೆ ಮಾತ್ರೆ ಬೇಗ ಸಿಗುತ್ತದೆ. ಎಲ್ಲವೂ ಕಂಪ್ಯೂಟರಿನಲ್ಲಿ ಇದೆಯಲ್ಲ, ನಿಮಗೇ ಗೊತ್ತಾಗಲ್ವಾ ಅಂತ ಕೇಳುತ್ತಾರೆ. ಸೋಚ್ ಅನ್ನೋ ಆನ್‌ಲೈನ್ ವ್ಯವಸ್ಥೆ ಇದೆ, ನಿಜ. ಆದರೆ ಹೆಸರು ಬೇರೆ, ಫೋನ್ ನಂಬರ್ ಬೇರೆ, ಊರೂ ಬೇರೆ ಬರೆಸಿದರೆ ಯಾವ ಕಂಪ್ಯೂಟರ್ ಹುಡುಕೀತು?

ನಮ್ಮ ಉತ್ತರ ಕರ್ನಾಟಕದಲ್ಲಿ ಗುಳೆ ಹೋಗುವುದು ಹೊಸದೇನಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಕಡೆಯವರು ಬೆಂಗಳೂರು, ಗೋವಾ, ಪುಣೆ, ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಗಂಡ ಹೆಂಡತಿ ಮಕ್ಕಳು ಸಮೇತ ಹೊರಡುತ್ತಾರೆ. ಹೊಟ್ಟೆಪಾಡಿಗೆ ಹೊರಟವರನ್ನು ತಡೆಯಲು ಆಗದು, ತಡೆಯಲೂಬಾರದು. ಹೊರಡುವ ಮುಂಚೆ ಒಂದು ಮಾತು ಹೇಳಿ ಹೋಗಿ ಅಂತ ಮಾತ್ರ ನಾವು ಬೇಡಿಕೊಳ್ಳುವುದು.

ಒಮ್ಮೆ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಹೊಸ ರೋಗಿಯಾಗಿ ಬಂದಿದ್ದಳು. ಮೊದಲ ಡಬ್ಬಿಯ ಮುಚ್ಚಳ ತೆಗೆದು ಒಂದು ಮಾತ್ರೆ ಅಂಗೈ ಮೇಲೆ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ, "ಸರ, ಇದು ರಾತ್ರಿ ತಗೊಂಡ್ರ ತಲಿ ತಿರಗೂದಿಲ್ಲೇನ್ರಿ?" ಅಂತ ಕೇಳಿದಳು. ತಲೆ ತಿರುಗಿಸುತ್ತಿದ್ದದ್ದು ಎಫಾವಿರೆಂಜ್ ಇದ್ದ ಹಳೇ ಮಾತ್ರೆ. ಮಲಗುವಾಗ ನುಂಗಬೇಕಿತ್ತು, ಏನೇನೋ ಕನಸು ಬೀಳುತ್ತಿತ್ತು. ಈಗ ಕೊಡುವುದು ಡೊಲುಟೆಗ್ರಾವಿರ್ ಇರುವ ಮಾತ್ರೆ, ಅದಕ್ಕೆ ಆ ಕಾಟ ಅಷ್ಟಿಲ್ಲ. ಹಳೇ ಮಾತ್ರೆಯ ಗುಣ ಗೊತ್ತಿರುವುದು ಅದನ್ನು ನುಂಗಿದವರಿಗೆ ಮಾತ್ರ. "ಯವ್ವಾ, ಮೊದಲು ಎಲ್ಲಿ ತಗೋತಿದ್ದಿ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಗೋವಾದಾಗ ಹಳಬಾಕಿ ಅಂತ ಖರೇ ಹೇಳಿದ್ದೆ ಸರ. ಲೆಟರ್ ತಗೊಂಡು ಬಾ ಅಂದ್ರು. ಊರಿಗೆ ಹೋಗಿ ಬರೂದಕ್ಕ ಎರಡು ದಿನದ ಪಗಾರ ಹೊಕ್ಕೈತಿ. ಹೊಸಾಕಿ ಅಂದ್ರ ಲಗೂನ ಕೊಡ್ತಾರಂತ ಯಾರೋ ಹೇಳಿದ್ರು. ಅವತ್ತಿಂದ ಹಂಗ ಮಾಡೀನ್ರಿ."

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಿಜ ಹೇಳಿದಾಗ ವಾಪಸ್ ಕಳಿಸಿದರು, ಸುಳ್ಳು ಹೇಳಿದಾಗ ಮಾತ್ರೆ ಕೊಟ್ಟರು. ಅವಳು ಕಲಿತದ್ದು ನಾವೇ ಕಲಿಸಿದ ಪಾಠ. ಇದನ್ನು ಓದುವ ಆರೋಗ್ಯ ಸಿಬ್ಬಂದಿ ಇದ್ದರೆ ಕೈಮುಗಿದು ಕೇಳುತ್ತೇನೆ: ಹಳೇ ಕೇಂದ್ರದ ಪತ್ರ ಇಲ್ಲ ಅಂತ ಯಾರನ್ನೂ ಬರಿಗೈಲಿ ಕಳಿಸಬೇಡಿ. ಮೊದಲು ಮಾತ್ರೆ ಕೊಡಿ. ಪತ್ರವನ್ನು ಫೋನ್ ಮಾಡಿ ತರಿಸಿಕೊಳ್ಳಬಹುದು, ಅದು ನಮ್ಮ ಕೆಲಸ, ರೋಗಿಯ ಕೆಲಸವಲ್ಲ.

ಈಗ ರೋಗಿಗಳಿಗೆ ಹೇಳಬೇಕಾದದ್ದು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ "ಮಾತ್ರೆ ಅದೇ ಅಲ್ವಾ, ಎಲ್ಲಿ ತಗೊಂಡರೇನು" ಅನ್ನುವ ಮಾತು ಪದೇ ಪದೇ ಕೇಳುತ್ತೇನೆ. ಮಾತ್ರೆ ಎಲ್ಲರಿಗೂ ಅದೇ ಅಲ್ಲ. ಈ ಮಾತ್ರೆಯಲ್ಲಿರುವ ಟೆನೊಫೊವಿರ್ ಅನ್ನುವ ಔಷಧಿಯಿಂದ ಕೆಲವರಿಗೆ ಕಿಡ್ನಿಗೆ ತೊಂದರೆಯಾಗುತ್ತದೆ, ಅಂಥವರಿಗೆ ಹಿಂದಿನ ವೈದ್ಯರು ಅದನ್ನು ಬಿಡಿಸಿ ಬೇರೆ ಕೊಟ್ಟಿರುತ್ತಾರೆ. ಅವರು ಹೊಸಬರಾಗಿ ಬಂದರೆ ಮತ್ತೆ ಟೆನೊಫೊವಿರ್ ಸಿಗಬಹುದು. ಅಬಕಾವಿರ್ ಅನ್ನುವ ಇನ್ನೊಂದು ಔಷಧಿಯಿಂದ ಒಮ್ಮೆ ಮೈಗೆ ಆಗದೆ ಜ್ವರ, ಗಂಧೆ ಎದ್ದವರು ಅದನ್ನು ಮತ್ತೆ ಯಾವತ್ತೂ ಮುಟ್ಟಬಾರದು, ಎರಡನೇ ಸಲ ಜೀವಕ್ಕೇ ಅಪಾಯ. ಇದು ನನಗೆ ಗೊತ್ತಾಗುವುದು ನಿಮ್ಮ ಹಳೇ ಕಾರ್ಡಿನಿಂದ ಅಥವಾ ನಿಮ್ಮ ಬಾಯಿಂದ. ರಕ್ತ ಪರೀಕ್ಷೆ ಇದನ್ನು ಹೇಳುವುದಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ಸೂಕ್ಷ್ಮವಾದದ್ದು. ಹೊಸದಾಗಿ ಶುರು ಮಾಡಿದವರಿಗೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆ ಮಾಡುವುದು ಆರು ತಿಂಗಳಾದ ಮೇಲೆ, ಆಮೇಲೆ ಹನ್ನೆರಡನೇ ತಿಂಗಳಿಗೆ, ಮುಂದೆ ವರ್ಷಕ್ಕೊಮ್ಮೆ. ಒಂದು ಮಿಲಿ ರಕ್ತದಲ್ಲಿ 1000ಕ್ಕಿಂತ ಕಡಿಮೆ ಇದ್ದರೆ ಹತೋಟಿಯಲ್ಲಿದೆ ಅಂತ ಲೆಕ್ಕ. ಈಗ ಒಬ್ಬರು ಹಳೇ ಊರಲ್ಲಿ ಮಾತ್ರೆ ಬಿಟ್ಟು ಬಿಟ್ಟು ತಗೊಂಡು, ಆ ಮಾತ್ರೆ ಅವರಿಗೆ ಕೆಲಸ ಮಾಡುವುದನ್ನೇ ನಿಲ್ಲಿಸಿದೆ ಅನ್ನಿ. ನಿಜ ಹೇಳಿದ್ದರೆ ನಾನು ಕೂಡಲೇ ವೈರಲ್ ಲೋಡಿಗೆ ಕಳಿಸುವ ವಿಚಾರ ಮಾಡುತ್ತಿದ್ದೆ. ಹೊಸಬರು ಅಂತ ಬಂದಿದ್ದರಿಂದ ಇನ್ನೂ ಆರು ತಿಂಗಳು ಯಾರಿಗೂ ಅನುಮಾನ ಬರುವುದಿಲ್ಲ. ಮೊದಲ ಮಾತ್ರೆ ಕೆಲಸ ಮಾಡದೆ ಎರಡನೇ ಹಂತದ ಮಾತ್ರೆಯಲ್ಲಿದ್ದವರು ಹೀಗೆ ಬಂದರೆ ಅವರಿಗೆ ಮತ್ತೆ ಮೊದಲ ಹಂತದ್ದೇ ಸಿಗುತ್ತದೆ. ಎಲ್ಲರಿಗೂ ಕೆಟ್ಟದ್ದೇ ಆಗುತ್ತದೆ ಅಂತ ಹೆದರಿಸುತ್ತಿಲ್ಲ. ಡೊಲುಟೆಗ್ರಾವಿರ್ ಗಟ್ಟಿ ಔಷಧಿ, ಎಷ್ಟೋ ಜನರಿಗೆ ಅದರಿಂದ ಒಳ್ಳೆಯದೇ ಆಗಿದೆ. ಯಾರಿಗೆ ಯಾವುದು ಅಂತ ನಿಮ್ಮನ್ನು ನೋಡಿದ ವೈದ್ಯರೇ ನಿರ್ಧರಿಸಬೇಕು. ಅವರಿಗೆ ನಿಮ್ಮ ಹಿಂದಿನ ಕಥೆ ಗೊತ್ತಿರಬೇಕು, ಅಷ್ಟೇ.

ಇನ್ನು ಲೆಕ್ಕದ ಮಾತು. ಲೆಕ್ಕ ಸರ್ಕಾರಕ್ಕೆ ಬೇಕು, ನಮಗ್ಯಾಕೆ ಅನ್ನುತ್ತಾರೆ. ಸೋಂಕು ಎಷ್ಟು ಹರಡಿದೆ ಅಂತ ನೋಡುವ ಸೆಂಟಿನೆಲ್ ಸಮೀಕ್ಷೆಗೆ ಹೆಸರು ಬೇಕಾಗಿಲ್ಲ. ಗರ್ಭಿಣಿಯರಂಥ ಕೆಲವು ಗುಂಪುಗಳ ರಕ್ತದ ಮಾದರಿ ಸಾಕು. 2021ರ ಅಂದಾಜಿನಲ್ಲಿ ದೇಶದಲ್ಲಿ ಎಚ್‌ಐವಿ ಇರುವವರು ಸುಮಾರು 24 ಲಕ್ಷ, ಮಹಾರಾಷ್ಟ್ರ ಮತ್ತು ಆಂಧ್ರದ ನಂತರದ ಸ್ಥಾನ ಕರ್ನಾಟಕದ್ದು. ಅದು ಅಂಥ ಸಮೀಕ್ಷೆಗಳನ್ನು ಆಧರಿಸಿದ ಲೆಕ್ಕ. ಆದರೆ ಚಿಕಿತ್ಸೆ ನಡೆಯುತ್ತಿದೆಯೋ ಇಲ್ಲವೋ ಅಂತ ನೋಡಬೇಕಾದರೆ ಅದೇ ಮನುಷ್ಯನನ್ನು ಮತ್ತೆ ಮತ್ತೆ ಗುರುತಿಸಬೇಕು. ಹೋದ ಸಲ ಬಂದಿದ್ದರಾ, ಈ ಸಲ ಬಂದರಾ, ವೈರಲ್ ಲೋಡ್ ಇಳಿದಿದೆಯಾ. ಇದಕ್ಕೆ ಹೆಸರು, ನಂಬರ್, ವಿಳಾಸ ಬೇಕೇ ಬೇಕು.

95-95-95 ಅನ್ನುವ ಗುರಿ ನೀವು ಗೋಡೆ ಮೇಲಿನ ಪೋಸ್ಟರಿನಲ್ಲಿ ನೋಡಿರಬಹುದು. ಸೋಂಕಿರುವ ನೂರರಲ್ಲಿ 95 ಮಂದಿಗೆ ಅದು ಗೊತ್ತಿರಬೇಕು, ಗೊತ್ತಿದ್ದವರಲ್ಲಿ ನೂರಕ್ಕೆ 95 ಮಂದಿ ಚಿಕಿತ್ಸೆಯಲ್ಲಿರಬೇಕು, ಚಿಕಿತ್ಸೆಯಲ್ಲಿದ್ದವರಲ್ಲಿ ನೂರಕ್ಕೆ 95 ಮಂದಿಯ ವೈರಸ್ ಹತೋಟಿಯಲ್ಲಿರಬೇಕು. ಹೇಳದೆ ಊರು ಬಿಟ್ಟು ಹೊಸಬರಾದ ಒಬ್ಬರಿಂದ ಈ ಲೆಕ್ಕ ಎರಡು ಕಡೆ ಕೆಡುತ್ತದೆ. ಹಳೇ ಊರಿನ ಪುಸ್ತಕದಲ್ಲಿ ಅವರು ಚಿಕಿತ್ಸೆ ಬಿಟ್ಟವರು. ಹೊಸ ಊರಿನಲ್ಲಿ ಹೊಸ ಸೋಂಕಿತರು. ಒಂದೇ ಹೆಸರು ಎರಡು ಊರಿನ ಮತದಾರರ ಪಟ್ಟಿಯಲ್ಲಿದ್ದ ಹಾಗೆ. ಆ ನಗರದಲ್ಲಿ ಸೋಂಕು ಜಾಸ್ತಿಯಾಗುತ್ತಿದೆ ಅನ್ನುವ ತಪ್ಪು ಚಿತ್ರ ಮೂಡುತ್ತದೆ. ಹಣ, ಜನ, ಮಾತ್ರೆಯ ದಾಸ್ತಾನು ಎಲ್ಲವೂ ಇಂಥ ಲೆಕ್ಕದ ಮೇಲೆಯೇ ನಿಂತಿದೆ.

ನನಗೆ ಹೆಚ್ಚು ನೋವಾಗುವುದು ಬೇರೆ ಕಾರಣಕ್ಕೆ. ಕೆಲವು ತಿಂಗಳು ಬಾರದವರ ಪಟ್ಟಿಯನ್ನು ನಾವು ಹೊರಗಡೆ ಓಡಾಡುವ ಕಾರ್ಯಕರ್ತರಿಗೆ ಕೊಡುತ್ತೇವೆ. ಅವರಲ್ಲಿ ಹಲವರು ಸ್ವತಃ ಪಾಸಿಟಿವ್ ಇರುವವರು. ಸಂಬಳ ಕಡಿಮೆ, ಬಸ್ಸಿಳಿದು ಮೂರ‍್ನಾಲ್ಕು ಕಿಲೋಮೀಟರು ನಡೆದು ಹಳ್ಳಿ ಸೇರಬೇಕು, ಯಾರಿಗೂ ಅನುಮಾನ ಬರದ ಹಾಗೆ ವಿಚಾರಿಸಬೇಕು. ಅಷ್ಟೆಲ್ಲ ಮಾಡಿದ ಮೇಲೆ ಆ ಮನುಷ್ಯ ಪುಣೆಯಲ್ಲಿ ಆರಾಮಾಗಿ ಮಾತ್ರೆ ತಗೊಂಡು ಕೆಲಸ ಮಾಡುತ್ತಿದ್ದಾನೆ ಅಂತ ತಿಳಿಯುತ್ತದೆ. ಅವನು ಚೆನ್ನಾಗಿರುವುದು ಸಂತೋಷವೇ. ಆದರೆ ಅದೇ ಪಟ್ಟಿಯಲ್ಲಿ, ಅವನ ಹೆಸರಿನ ಕೆಳಗೆ, ಟಿಬಿ ಆಗಿ ಹಾಸಿಗೆ ಹಿಡಿದು, ಬಸ್ ಚಾರ್ಜಿಗೂ ಕಾಸಿಲ್ಲದೆ ಮನೆಯಲ್ಲೇ ಬಿದ್ದಿರುವವರು ಒಬ್ಬರಿರುತ್ತಾರೆ. ಕಾರ್ಯಕರ್ತೆಯ ಆ ದಿನ ಮುಗಿದಿರುತ್ತದೆ. ಕಾಗದದ ಮೇಲೆ ಇಬ್ಬರೂ ಒಂದೇ ಥರ ಕಾಣುತ್ತಾರೆ.

ತೀರಿಕೊಂಡವರೂ ಆ ಪಟ್ಟಿಯಲ್ಲಿ ಉಳಿದುಬಿಡುತ್ತಾರೆ. ಮನೆಯವರು ಹೇಳುವುದಿಲ್ಲ. ಒಬ್ಬ ಮುದುಕಿ ಮಗನ ಚಿಕಿತ್ಸೆಯ ವಿವರ ಬರೆದ ಹಸಿರು ಪುಸ್ತಕವನ್ನೂ ಉಳಿದ ಮಾತ್ರೆ ಡಬ್ಬಿಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ಬಂದು ಮೇಜಿನ ಮೇಲಿಟ್ಟಿದ್ದರು. "ಬ್ಯಾರೇದವರಿಗೆ ಬರ್ತಾವಲ್ರೀ" ಅಂದರು. ತೆರೆದ ಡಬ್ಬಿಯನ್ನು ಮತ್ತೊಬ್ಬರಿಗೆ ಕೊಡಲು ಬರುವುದಿಲ್ಲ ಅಂತ ಅವರಿಗೆ ನಾನು ಹೇಳಲಿಲ್ಲ. ಅವರಿಂದಾಗಿ ಒಂದು ಹೆಸರನ್ನು ಹುಡುಕುವುದು ನಿಂತಿತು.

ವಿಳಾಸ ಕೊಟ್ಟರೆ ಗುಟ್ಟು ರಟ್ಟಾಗುತ್ತದೆ ಅನ್ನುವ ಭಯ ಸುಳ್ಳಲ್ಲ. ಬಾಯಿ ಬಿಟ್ಟ ಸಿಬ್ಬಂದಿಯೂ ಇದ್ದಾರೆ, ಅದರಿಂದ ಬಾಡಿಗೆ ಮನೆ ಖಾಲಿ ಮಾಡಬೇಕಾದವರೂ ಇದ್ದಾರೆ. ಅದು ತಪ್ಪು ಮಾತ್ರವಲ್ಲ, ಕಾನೂನಿಗೂ ವಿರುದ್ಧ. 2017ರಲ್ಲಿ ಆದ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕಾಯ್ದೆ ಹೇಳಿದ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ವಿಷಯ ಬೇರೆಯವರಿಗೆ ಹೇಳುವ ಹಾಗಿಲ್ಲ, ದಾಖಲೆಗಳನ್ನು ಜೋಪಾನ ಮಾಡುವುದು ಸಂಸ್ಥೆಯ ಹೊಣೆ. ಮನೆಗೆ ಬರಬೇಡಿ, ಫೋನ್ ಮಾತ್ರ ಮಾಡಿ, ಮಧ್ಯಾಹ್ನ ಮಾತ್ರ ಮಾಡಿ, ಬೇರೆಯವರು ಎತ್ತಿದರೆ ಏನೂ ಹೇಳಬೇಡಿ: ಇದನ್ನೆಲ್ಲ ನೋಂದಣಿಯ ದಿನವೇ ಹೇಳಿ ಬರೆಸಿ. ಸುಳ್ಳು ನಂಬರ್ ಕೊಡುವುದಕ್ಕಿಂತ ಇದು ಎಷ್ಟೋ ಮೇಲು.

ಊರು ಬಿಡುವವರು ಕೇಂದ್ರಕ್ಕೆ ಬಂದು ಟ್ರಾನ್ಸ್‌ಫರ್ ಕೇಳಿ. ಚಿಕಿತ್ಸೆಯ ವಿವರ, ದಾರಿಗೆ ಬೇಕಾದ ಮಾತ್ರೆ ಕೊಟ್ಟು ಕಳಿಸುತ್ತೇವೆ. ಸ್ವಲ್ಪ ದಿನಕ್ಕೆ ಮಾತ್ರ ಹೋಗುವುದಾದರೆ ಟ್ರಾನ್ಸ್‌ಫರ್ ಬೇಡ, ಹಸಿರು ಪುಸ್ತಕ ಜೊತೆಗಿರಲಿ. ಅದನ್ನು ತೋರಿಸಿದರೆ ಸಾಮಾನ್ಯವಾಗಿ ಬೇರೆ ಕೇಂದ್ರದಲ್ಲೂ ಆ ಮಟ್ಟಿಗೆ ಮಾತ್ರೆ ಸಿಗುತ್ತದೆ. 2020ರ ಲಾಕ್‌ಡೌನಿನಲ್ಲಿ ಎಲ್ಲೆಲ್ಲೋ ಸಿಕ್ಕಿಕೊಂಡವರು ಹತ್ತಿರದ ಕೇಂದ್ರದಿಂದಲೇ ಮಾತ್ರೆ ಪಡೆಯಲು ಅವಕಾಶವಿತ್ತು, ಆಗ ಆ ಪುಸ್ತಕ ಕೈಯಲ್ಲಿದ್ದವರಿಗೆ ಅಷ್ಟು ಕಷ್ಟವಾಗಲಿಲ್ಲ. ಪುಸ್ತಕ ಯಾರಾದರೂ ನೋಡಿಯಾರು ಅನ್ನಿಸಿದರೆ ನೋಂದಣಿ ಸಂಖ್ಯೆ, ಔಷಧಿ ಬರೆದ ಪುಟಗಳ ಫೋಟೋ ತೆಗೆದು ಫೋನಿನಲ್ಲಿಡಿ.

ಈಗಾಗಲೇ ಹೊಸಬರಾಗಿ ನೋಂದಾಯಿಸಿಕೊಂಡವರು ಇದನ್ನು ಓದುತ್ತಿದ್ದರೆ, ಮುಂದಿನ ಸಲ ಮಾತ್ರೆಗೆ ಬಂದಾಗ ಆಪ್ತಸಮಾಲೋಚಕರ ಹತ್ತಿರ "ನಾನು ಮೊದಲು ಇಂಥ ಊರಲ್ಲಿ ತಗೋತಿದ್ದೆ" ಅಂತ ಹೇಳಿ. ಮಾತ್ರೆ ನಿಲ್ಲಿಸುವುದಿಲ್ಲ. ನಡುವೆ ಎಷ್ಟು ತಿಂಗಳು ಬಿಟ್ಟಿದ್ದಿರಿ ಅನ್ನುವುದನ್ನೂ ಮುಚ್ಚಿಡಬೇಡಿ. ಎದುರಿಗೆ ಹೇಳಲು ಸಂಕೋಚವಾದರೆ 1097ಕ್ಕೆ ಫೋನ್ ಮಾಡಿ ವಿಚಾರಿಸಿ, ಅದು ಉಚಿತ ಸಹಾಯವಾಣಿ, ಹೆಸರು ಹೇಳಬೇಕಾಗಿಲ್ಲ. ಹಳೇ ಕೇಂದ್ರದ ಜೊತೆ ಮಾತಾಡಿ ಎರಡು ದಾಖಲೆಗಳನ್ನು ಒಂದು ಮಾಡಿಸುವುದು ನಮಗೆ ಬಿಟ್ಟದ್ದು.