ಖಾಲಿ ಡ್ರಮ್ಮಿನ ಸದ್ದು

ನಗರದಂಚಿನ ಬಡಾವಣೆಯೊಂದರ ಬಗ್ಗೆ ಸಾಕ್ಷ್ಯಚಿತ್ರ ಮಾಡಹೊರಟ ತಂಡ ಮೊದಲ ದಿನ ಹೊತ್ತು ತರುವ ದೃಶ್ಯಗಳು ಬಹುಮಟ್ಟಿಗೆ ಒಂದೇ ಬಗೆಯವು: ತೆರೆದ ಚರಂಡಿ, ಕಸದ ರಾಶಿಯ ಮೇಲೆ ನಾಯಿಗಳು, ಕ್ಯಾಮೆರಾ ಕಂಡು ನಗುವ ಮಕ್ಕಳು. ಬೆಂಗಳೂರಿನ ಪೂರ್ವದಂಚಿನಲ್ಲಿ ನಾವು ಚಿತ್ರೀಕರಣ ಶುರುಮಾಡಿದಾಗಲೂ ಹೀಗೆಯೇ ಆಯಿತು. ರಾತ್ರಿ ಕುಳಿತು ನೋಡಿದರೆ, ಆ ದೃಶ್ಯಗಳಿಗೆ ದೇಶದ ಯಾವ ಊರಿನ ಹೆಸರನ್ನು ಅಂಟಿಸಿದ್ದರೂ ನಡೆಯುತ್ತಿತ್ತು. ಇಪ್ಪತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ನನಗೆ ಅನ್ನಿಸುವುದೇನೆಂದರೆ, ಕಸ ಕಣ್ಣಿಗೆ ಬೀಳುತ್ತದೆ, ಆದರೆ ನಿರ್ಲಕ್ಷ್ಯ ಹಾಗೆ ಬೀಳುವುದಿಲ್ಲ. ಬರಬೇಕಾದದ್ದು ಬಾರದೆ ಇರುವುದೇ ನಿರ್ಲಕ್ಷ್ಯವಾದ್ದರಿಂದ, ಅದನ್ನು ಚಿತ್ರಿಸಬೇಕಾದರೆ ಕಾಯುತ್ತಿರುವವರ ಪಕ್ಕದಲ್ಲಿ ನಾವೂ ಕಾಯಬೇಕಾಗುತ್ತದೆ.

ಹಾಗಾಗಿ ಎರಡನೆಯ ವಾರ ಡ್ರೋನನ್ನು ಪೆಟ್ಟಿಗೆಯಲ್ಲಿಟ್ಟು, ಮುಂಜಾನೆ ನಾಲ್ಕೂವರೆಗೆ ಒಂದು ಅಡ್ಡರಸ್ತೆಯ ಮೂಲೆಯಲ್ಲಿ ಕ್ಯಾಮೆರಾ ನಿಲ್ಲಿಸಿದೆವು. ಮನೆಗಳ ಮುಂದೆ ನೀಲಿ ಡ್ರಮ್ಮುಗಳು ಸಾಲಾಗಿದ್ದವು. ಟ್ಯಾಂಕರ್ ಐದಕ್ಕೆ ಬರಬೇಕಿತ್ತು. ಹೆಂಗಸೊಬ್ಬರು ಹೊರಬಂದು, ಮುಚ್ಚಳ ತೆಗೆಯದೆ, ಬೆರಳ ಗಿಣ್ಣಿನಿಂದ ಡ್ರಮ್ಮಿನ ಹೊಟ್ಟೆಯನ್ನು ಮೇಲಿನಿಂದ ಕೆಳಗೆ ಕುಟ್ಟುತ್ತ ಹೋದರು. ಟೊಳ್ಳಾಗಿದ್ದ ಸದ್ದು ಎಲ್ಲಿ ಗಟ್ಟಿಯಾಯಿತೋ ಅಲ್ಲಿಗೆ ನೀರಿನ ಮಟ್ಟ. ಕತ್ತಲಲ್ಲಿ ಇದಕ್ಕಿಂತ ಸಲೀಸಾದ ಅಳತೆಯಿಲ್ಲ. ಇದನ್ನು ಮೊದಲು ಗಮನಿಸಿದವನು ನಮ್ಮ ಧ್ವನಿಗ್ರಾಹಕ. ಕ್ಯಾಮೆರಾ ಹಿಡಿದಿದ್ದ ನನಗೆ ಅದು ಸುಮ್ಮನೆ ಕೈಯಾಡಿಸಿದಂತೆ ಕಂಡಿತ್ತು. ಇಂಥ ಕಡೆ ಒಳ್ಳೆಯ ಲೆನ್ಸಿಗಿಂತ ಒಳ್ಳೆಯ ಮೈಕಿಗೆ ದುಡ್ಡು ಹಾಕಿ ಎಂದು ಕಿರಿಯರಿಗೆ ನಾನು ಹೇಳುವುದು ಆ ಬೆಳಗಿನ ನಂತರ.

ಟ್ಯಾಂಕರಿನ ದರವೂ ಚಿತ್ರಕ್ಕೆ ಬೇಕಾದ ವಿಷಯವೇ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಬೆಲೆ ಏರತೊಡಗಿದಾಗ, ಜಿಲ್ಲಾಡಳಿತ 5 ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ದರ ಗೊತ್ತುಮಾಡಿತು. ಈ ಅಂಕಿಯನ್ನು ತೆರೆಯ ಮೇಲೆ ಅಕ್ಷರದಲ್ಲಿ ಬರೆಯುವುದು ಸುಲಭದ ದಾರಿ. ದರ ಕೂಗಿ ಹೇಳುವವರ ಮತ್ತು ಚೌಕಾಸಿ ಮಾಡುವವರ ಮಾತನ್ನೇ ಕೇಳಿಸಿದರೆ ಅಂಕಿಗೆ ಜೀವ ಬರುತ್ತದೆ.

ಇನ್ನೊಂದು ಬಗೆಯ ಕಾಯುವಿಕೆ ಕಾಗದದ್ದು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆಗಳ ಜೊತೆ ಸುತ್ತಲಿನ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತದ ನೀರಿನ ಯೋಜನೆ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ನಡುವಿನ ಹದಿನೇಳು ವರ್ಷಗಳನ್ನು ಚಿತ್ರದಲ್ಲಿ ಹೇಗೆ ತೋರಿಸುವುದು? ನಮಗೆ ದಾರಿ ತೋರಿಸಿದ್ದು ಒಬ್ಬ ಅಜ್ಜಿಯ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರಲ್ಲಿ ಕಂದಾಯದ ರಸೀದಿಗಳಿದ್ದವು, ಮೊದಲು ಗ್ರಾಮ ಪಂಚಾಯ್ತಿಯವು, ಆಮೇಲೆ ಪಾಲಿಕೆಯವು. ಮನೆ ಅದೇ, ಶಿರೋನಾಮೆ ಮಾತ್ರ ಬೇರೆ. 2025ರಲ್ಲಿ ಪಾಲಿಕೆಯೇ ಐದಾಗಿದ್ದರಿಂದ ಇನ್ನೊಂದು ಶಿರೋನಾಮೆಯೂ ಆ ಚೀಲ ಸೇರುತ್ತದೆ. ಅಜ್ಜಿ ಅವನ್ನು ಒಂದೊಂದಾಗಿ ಚಾಪೆಯ ಮೇಲೆ ಹರಡುವುದನ್ನು ಮಾತಿಲ್ಲದೆ ಹಿಡಿದೆವು. ಇಲ್ಲೊಂದು ಎಚ್ಚರಿಕೆ ಅಗತ್ಯ: ರೆವಿನ್ಯೂ ಸೈಟಿನಲ್ಲಿ, ಅಂದರೆ ಭೂಪರಿವರ್ತನೆಯಾಗದ ಕೃಷಿ ಜಮೀನಿನ ನಿವೇಶನದಲ್ಲಿ, ಮನೆ ಕಟ್ಟಿಕೊಂಡವರ ಕಾಗದಗಳನ್ನು ಸರ್ವೆ ನಂಬರು, ಹೆಸರು ಓದುವಂತೆ ತೋರಿಸಬಾರದು. ಚಿತ್ರ ಮುಗಿಸಿ ನಾವು ಹೊರಟುಹೋಗುತ್ತೇವೆ. ನೋಟಿಸು ಬಂದರೆ ಬರುವುದು ಅವರ ಬಾಗಿಲಿಗೆ.

ಚಿತ್ರವನ್ನು ಯಾರು ಮಾಡಿಸುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ. ಪ್ಯಾರಿಸ್ಸಿನ ಉತ್ತರದಂಚಿನ ಕಾರ್ಮಿಕರ ಊರು ಓಬರ್ವಿಲಿಯೆ ಬಗ್ಗೆ ಎಲಿ ಲೊಟಾರ್ ಮಾಡಿದ, ಊರಿನದೇ ಹೆಸರಿನ ಕಿರುಚಿತ್ರ 1946ರಲ್ಲಿ ತೆರೆಕಂಡಿತು. ಅಲ್ಲಿ 1923ರಿಂದ 1944ರವರೆಗೆ ಮೇಯರ್ ಆಗಿದ್ದವನು ಪಿಯೆರ್ ಲವಾಲ್, ಅಂದರೆ ದೇಶದ ಪ್ರಧಾನಿಯೂ ಆಗಿದ್ದವನು. ಚಿತ್ರ ಮಾಡಿಸಿದ್ದು ಅವನ ನಂತರ ಬಂದ ಕಮ್ಯುನಿಸ್ಟ್ ಮೇಯರ್ ಶಾರ್ಲ್ ತಿಯ್ಯೋಂ. ಹಿಂದಿನವರ ಲೋಪವನ್ನು ತೋರಿಸುವ ಚಿತ್ರಕ್ಕೆ ಈಗಿನವರು ಸಂತೋಷದಿಂದಲೇ ಹಣ ಕೊಡುತ್ತಾರೆ. ಅದರಿಂದ ಚಿತ್ರ ಸುಳ್ಳಾಗುವುದಿಲ್ಲ, ಬಡತನವೇನೂ ಬಣ್ಣ ಹಚ್ಚಿದ್ದಾಗಿರಲಿಲ್ಲ. ಆದರೂ ಯಾವ ಬಾಗಿಲ ಮುಂದೆ ಕ್ಯಾಮೆರಾ ನಿಲ್ಲಲಿಲ್ಲ ಎಂದು ಕೇಳಿಕೊಳ್ಳುವುದು ನನ್ನ ಅಭ್ಯಾಸ.

ಸಂಕಲನದ ಕೋಣೆಯಲ್ಲಿ ನಾನೇ ಮಾಡಿದ ತಪ್ಪನ್ನು ಹೇಳಬೇಕು. ಒಂದು ಶನಿವಾರ ಜನ ಕಾದಿದ್ದನ್ನು ನಾವು ಮುಕ್ಕಾಲು ಗಂಟೆ ಬಿಡದೆ ಹಿಡಿದಿದ್ದೆವು. ಅದನ್ನು ನಾಲ್ಕು ನಿಮಿಷಕ್ಕಿಳಿಸಿ, ಕೊನೆಗೆ ಟ್ಯಾಂಕರ್ ಬಂದು ಪೈಪು ಬಿಚ್ಚುವ ದೃಶ್ಯ ಸೇರಿಸಿದೆ. ಅಂತಿಮಗೊಳಿಸುವ ಮೊದಲು ಅಲ್ಲಿನವರಿಗೇ ತೋರಿಸಬೇಕೆಂಬುದು ನಮ್ಮ ನಿಯಮ. ದೇವಸ್ಥಾನದ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಡ್ರಮ್ಮು ಕುಟ್ಟಿದ ಆ ಹೆಂಗಸೇ ಎದ್ದು ನಿಂತರು.

"ಸಾರ್, ಇದು ಮಂಗಳವಾರದ ಟ್ಯಾಂಕರ್ರು. ಟ್ರ್ಯಾಕ್ಟರ್ ಬರೋದು ಮಂಗಳವಾರ, ಶನಿವಾರ ಲಾರಿ. ಆವತ್ತು ಲಾರೀನೂ ಬರಲಿಲ್ಲ, ಏನೂ ಬರಲಿಲ್ಲವಲ್ಲ."

ಅವರು ಹೇಳಿದ್ದು ಸರಿಯಾಗಿತ್ತು. ಕಾದದ್ದಕ್ಕೊಂದು ಮುಕ್ತಾಯ ಬೇಕೆಂಬ ಸಂಕಲನಕಾರನ ಚಪಲಕ್ಕೆ, ಅವರಿಗೆ ಬಾರದ ನೀರನ್ನು ನಾನು ತೆರೆಯ ಮೇಲೆ ತರಿಸಿಬಿಟ್ಟಿದ್ದೆ. ಮರುದಿನ ಆ ದೃಶ್ಯ ತೆಗೆದು, ಕಾಯುವ ಭಾಗವನ್ನು ನಾಲ್ಕು ನಿಮಿಷದಿಂದ ಏಳಕ್ಕೆ ಹಿಗ್ಗಿಸಿದೆ. ಈಗ ಆ ಭಾಗದ ಕೊನೆಯಲ್ಲಿ ಬೆಳಕು ಹರಿಯುತ್ತದೆ, ಒಬ್ಬೊಬ್ಬರಾಗಿ ಒಳಗೆ ಹೋಗುತ್ತಾರೆ, ಯಾರೋ ಮತ್ತೊಮ್ಮೆ ಡ್ರಮ್ಮು ಕುಟ್ಟಿ ನೋಡುತ್ತಾರೆ.