ಮೂರು ಡ್ರಾ, ಒಂದು ಗೆಲುವು: ಚೀನಾ ಸೋತದ್ದು ಹೇಗೆ?

ಪ್ರಶ್ನೆ: 2024ರ ಮಹಿಳಾ ಚೆಸ್ ಒಲಿಂಪಿಯಾಡ್‌ನಲ್ಲಿ ಚೀನಾ ವಿರುದ್ಧ ನಮ್ಮವರ ನಾಲ್ಕು ಆಟಗಳಲ್ಲಿ ಮೂರು ಡ್ರಾ. ಆದರೂ ಭಾರತ ಗೆದ್ದದ್ದು ಹೇಗೆ? ಡ್ರಾ ಮಾಡಿಕೊಳ್ಳಲು ಬುಡಾಪೆಸ್ಟ್‌ವರೆಗೆ ಹೋಗಬೇಕಿತ್ತೇ?

ಉತ್ತರ: ಗೆದ್ದ ಲೆಕ್ಕ ಸುಲಭ. ಹತ್ತನೇ ಸುತ್ತಿನಲ್ಲಿ ದಿವ್ಯಾ ದೇಶಮುಖ್ ಅವರು ನಿ ಶಿಕುನ್ ಅವರನ್ನು ಸೋಲಿಸಿದರು. ಹಾರಿಕಾ, ವೈಶಾಲಿ, ವಂತಿಕಾ ಡ್ರಾ ಮಾಡಿಕೊಂಡರು. ಒಂದಕ್ಕೆ ಮೂರು ಅರ್ಧ ಸೇರಿ ಎರಡೂವರೆ. ಚೀನಾಕ್ಕೆ ಉಳಿದದ್ದು ಒಂದೂವರೆ. 2008ರಿಂದ ಪಟ್ಟಿಯಲ್ಲಿ ಮೊದಲು ನೋಡುವುದು ತಂಡದ ಪಾಯಿಂಟ್: ಗೆದ್ದರೆ 2, ಸಮವಾದರೆ 1. 4–0 ಆದರೂ 2.5–1.5 ಆದರೂ ಸಿಗುವುದು ಅದೇ ಎರಡು.

ಇನ್ನು ಆ ಬುಡಾಪೆಸ್ಟ್ ಕೊಂಕು. ಡ್ರಾ ಎಂದರೆ ಬೇಸರ ಬಂದಾಗ ಕೈಕುಲುಕಿ ಎದ್ದುಹೋಗುವುದು ಎಂಬ ನಂಬಿಕೆಗೆ ಎಷ್ಟು ಸಲ ಉತ್ತರಿಸಿದರೂ ಅದು ಸಾಯುವುದಿಲ್ಲ. ಆ ಕೂಟದಲ್ಲಿ 30 ನಡೆ ಮುಗಿಯುವವರೆಗೆ ಡ್ರಾ ಪ್ರಸ್ತಾವ ಇಡುವಂತೆಯೇ ಇರಲಿಲ್ಲ. ಅದಿರಲಿ, ಒಂದು ಕೊನೆಯಾಟ ನೋಡಿ. ಎರಡೂ ಕಡೆ ಒಂದೊಂದು ಆನೆ, ಎದುರಾಳಿಗೆ ಮಾತ್ರ ಒಂದು ಪದಾತಿ ಹೆಚ್ಚು. ನಿಮ್ಮ ರಾಜ ಆ ಪದಾತಿಯ ದಾರಿಗೆ ಅಡ್ಡ ನಿಂತಿರಬೇಕು. ನಿಮ್ಮ ಆನೆ ನಿಮ್ಮ ಕಡೆಯಿಂದ ಮೂರನೇ ಸಾಲನ್ನು ಕಾಯುತ್ತಾ ಎದುರಾಳಿಯ ರಾಜ ಒಳಗೆ ಬರದಂತೆ ತಡೆಯಬೇಕು. ಪದಾತಿ ಆ ಸಾಲಿಗೆ ಕಾಲಿಟ್ಟ ಕೂಡಲೇ ಆನೆ ಹಲಗೆಯ ಆಚೆ ತುದಿಗೆ ಓಡಿ ಹಿಂದಿನಿಂದ ಚೆಕ್ ಕೊಡುತ್ತಾ ಹೋಗಬೇಕು. ಒಂದು ನಡೆ ತಡವಾದರೆ ಆಟ ಹೋಯಿತು. ಗಡಿಯಾರದಲ್ಲಿ ಅರ್ಧ ನಿಮಿಷವಷ್ಟೇ ಉಳಿದಾಗಲೂ ಇದನ್ನು ತಪ್ಪದೆ ಮಾಡುವವರಿಗೆ ಆ ಅರ್ಧ ಪಾಯಿಂಟ್ ಸಿಗುತ್ತದೆ. ಟೆಸ್ಟ್ ಪಂದ್ಯದ ಐದನೇ ದಿನ ಪೂರ್ತಿ ಕ್ರೀಸಿಗೆ ಅಂಟಿಕೊಂಡು ನಿಂತವನಿಗೆ ಚಪ್ಪಾಳೆ ತಟ್ಟುವವರು ಇಲ್ಲಿ ಮಾತ್ರ ಮೂಗು ಮುರಿಯುತ್ತಾರೆ.

ಅಂಕಿ ಬೇಕೇ? ಎಂಟನೇ ಸುತ್ತಿನಲ್ಲಿ ಪೋಲೆಂಡ್ ವಿರುದ್ಧ 1.5–2.5ರಿಂದ ಸೋತೆವು, ಸೋತ ಆಟಗಳಲ್ಲಿ ಒಂದು ಡ್ರಾ ಆಗಿದ್ದರೂ ಪಂದ್ಯ ಸಮ. ಮರುಸುತ್ತಿನಲ್ಲಿ ಅಮೆರಿಕ ವಿರುದ್ಧ ವಂತಿಕಾ ಅವರು ಇರಿನಾ ಕ್ರಷ್ ಅವರನ್ನು ಮಣಿಸಿದ್ದರಿಂದ 2–2 ಆಯಿತು, ಒಂದು ಪಾಯಿಂಟ್ ಬಂತು. ಕೊನೆಗೆ ಭಾರತ 19, ಕಜಕಸ್ತಾನ 18. ಚಿನ್ನಕ್ಕೂ ಬೆಳ್ಳಿಗೂ ನಡುವೆ ಇದ್ದದ್ದು ಅಷ್ಟೇ.

ಯಾರೂ ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ: ಡ್ರಾ ವಿಷಯದಲ್ಲಿ ಕ್ಯಾಪ್ಟನ್ ಬಾಯಿ ಹಾಕಬಹುದು. ಭಾರತದ ಮಹಿಳಾ ತಂಡಕ್ಕೆ ಆಗ ಅಭಿಜಿತ್ ಕುಂಟೆ ಕ್ಯಾಪ್ಟನ್. ತಂಡದ ಲೆಕ್ಕ ನೋಡಿ ‘ಒಪ್ಪಿಕೋ’ ಎಂದೋ ‘ನೀನೇ ಪ್ರಸ್ತಾವ ಇಡು’ ಎಂದೋ ಕ್ಯಾಪ್ಟನ್ ಸೂಚಿಸಬಹುದು. ಆದರೆ ಹಲಗೆಯ ಮೇಲಿನ ಸ್ಥಿತಿಯ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಕುದುರೆ ಹೊಡೆತಕ್ಕೆ ಸಿಕ್ಕಿರುವುದು ಕಣ್ಣಿಗೆ ರಾಚುತ್ತಿದ್ದರೂ ಸುಮ್ಮನೆ ನಿಂತಿರಬೇಕು.