ಚಳಿಗಾಲದ ಟೈರ್: ಎರಡು ಸಾಲದು, ನಾಲ್ಕೂ ಬೇಕು

ಚಳಿಗಾಲ ಹತ್ತಿರವಾದಂತೆ ವರ್ಕ್‌ಶಾಪಿಗೆ ಬರುವವರಲ್ಲಿ ಹಲವರು ಕೇಳುವುದು ಇದನ್ನೇ: "ಸದ್ಯಕ್ಕೆ ಮುಂದಿನ ಎರಡಕ್ಕೆ ಹಾಕಿಬಿಡಿ, ಗಾಡಿ ಎಳೆಯೋದು ಅವೇ ತಾನೆ?" ನಾನು ಒಪ್ಪುವುದಿಲ್ಲ. ಎಳೆಯುವುದು ಮುಂದಿನ ಚಕ್ರಗಳೇ ಇರಬಹುದು, ಗಾಡಿಯನ್ನು ನೆಟ್ಟಗೆ ಇಡುವುದು ಹಿಂದಿನವು. ಮುಂದೆ ಹಿಡಿತ ಜಾಸ್ತಿಯಾಗಿ ಹಿಂದೆ ಕಡಿಮೆಯಿದ್ದರೆ, ಜಾರುವ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲು ತೆಗೆದರೂ ಸಾಕು: ತೂಕ ಮುಂದಕ್ಕೆ ವಾಲಿ ಹಿಂಭಾಗ ಪಕ್ಕಕ್ಕೆ ಹೊರಳುತ್ತದೆ. ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ. ಹಿಂದಿನದು ಜಾರಿದ್ದು ಗೊತ್ತಾಗುವಷ್ಟರಲ್ಲಿ ಕಾರು ಅಡ್ಡ ತಿರುಗಿರುತ್ತದೆ. ಫೋರ್ ವೀಲ್ ಡ್ರೈವ್ ಇದ್ದವರಿಗೂ ಇದೇ ಮಾತು. ಅದು ಹೊರಡಲು ನೆರವಾಗುತ್ತದೆ, ಬ್ರೇಕ್ ಹಾಕಿದಾಗ ನಿಲ್ಲಿಸಬೇಕಾದ್ದು ಟೈರೇ.

ಹಿಮ ಬೀಳದ ಊರಿನಲ್ಲೂ ಈ ಟೈರ್ ಬೇಕೇ ಎಂದರೆ, ಉತ್ತರ ರಬ್ಬರಿನಲ್ಲಿದೆ. ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಂತೆ ಬೇಸಿಗೆ ಟೈರಿನ ರಬ್ಬರ್ ಬಿಗಿಯಾಗುತ್ತಾ ಹೋಗುತ್ತದೆ, ರಸ್ತೆಯ ಒರಟಿಗೆ ಅಂಟಿಕೊಳ್ಳುವುದಿಲ್ಲ. ಚಳಿಗಾಲದ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಟ್ರೆಡ್ಡನ್ನು, ಅಂದರೆ ರಸ್ತೆಗೆ ತಾಗುವ ಗಾಡಿ ಕೊರೆದ ಮೇಲ್ಮೈಯನ್ನು, ಹತ್ತಿರದಿಂದ ನೋಡಿ: ಪ್ರತಿ ರಬ್ಬರ್ ಕಟ್ಟೆಯ ಮೇಲೂ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳಿರುತ್ತವೆ. ಭಾರ ಬಿದ್ದಾಗ ಅವು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು ಇರುವ ಗುರುತನ್ನು ಹುಡುಕಿ. ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಅದು ಸಿಗುತ್ತದೆ. ಬರೀ 'ಎಂ ಪ್ಲಸ್ ಎಸ್' (M+S, ಕೆಸರು ಮತ್ತು ಹಿಮ) ಎಂದಿದ್ದರೆ ನಂಬಬೇಡಿ, ಅದಕ್ಕೆ ಅಂಥ ಪರೀಕ್ಷೆ ಬೇಕಿಲ್ಲ. ಜರ್ಮನಿಯಲ್ಲಂತೂ 2024ರ ಅಕ್ಟೋಬರ್‌ನಿಂದ ಹಿಮದ ರಸ್ತೆಗೆ ಬೆಟ್ಟದ ಗುರುತೇ ಕಡ್ಡಾಯ. ಟೈರಿನ ಪಕ್ಕದಲ್ಲೇ 'ಡಾಟ್' (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನೂ ಓದಿ. 3523 ಎಂದರೆ 2023ರ 35ನೇ ವಾರದಲ್ಲಿ ತಯಾರಾದದ್ದು. ಹಳೆಯ ಟೈರನ್ನೇ ಮತ್ತೆ ಹಾಕುವುದಾದರೆ ಟ್ರೆಡ್ ಆಳ ಅಳೆಯಿರಿ. ಯುರೋಪಿನ ಕಾನೂನು 1.6 ಮಿಲಿಮೀಟರ್ ಇದ್ದರೆ ಸಾಕೆನ್ನುತ್ತದೆ, ಆಸ್ಟ್ರಿಯಾ ಚಳಿಗಾಲದ ಟೈರಿಗೆ 4 ಕೇಳುತ್ತದೆ. ನಾನು ಆಸ್ಟ್ರಿಯಾದ ಪರ.

ಜೋಡಣೆಯಲ್ಲಿ ಹೆಚ್ಚಾಗಿ ಕಡೆಗಣಿಸುವುದು ಚಕ್ರ ಕೂರುವ ಹಬ್ಬಿನ ಮುಖವನ್ನು. ಹಳೆ ಚಕ್ರ ಕಳಚಿದಾಗ ಅಲ್ಲಿ ತುಕ್ಕಿನ ಪದರ ಕಾಣುತ್ತದೆ. ಅದರ ಮೇಲೇ ಚಕ್ರ ಕೂರಿಸಿ ನಟ್ ಬಿಗಿದರೆ ಆ ಹೊತ್ತಿಗೆ ಗಟ್ಟಿಯಾಗೇ ಇರುತ್ತದೆ. ಓಡಾಟದಲ್ಲಿ ತುಕ್ಕು ಪುಡಿಯಾಗಿ ಬಿಗಿ ಸಡಿಲವಾಗುತ್ತದೆ. ತಂತಿ ಬ್ರಷ್‌ನಿಂದ ಲೋಹ ಕಾಣುವ ತನಕ ಉಜ್ಜಿ. ಟೈರಿನ ಮೇಲೆ ಬಾಣದ ಗುರುತಿದ್ದರೆ ಅದು ಮುಂದಕ್ಕೆ ಉರುಳುವ ದಿಕ್ಕಿಗೇ ಇರಬೇಕು. ನಟ್‌ಗಳನ್ನು ಪಕ್ಕಪಕ್ಕದವನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಿರಿ. ಕೊನೆಯ ಬಿಗಿತ, ಬಿಗಿಯುವ ಬಲ ಅಳೆಯುವ ಟಾರ್ಕ್ ವ್ರೆಂಚ್‌ನಿಂದಲೇ ಆಗಲಿ, ಎಷ್ಟೆಂಬುದು ಕಾರಿನ ಕೈಪಿಡಿಯಲ್ಲಿದೆ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ.

ಗಾಳಿ ಕಡಿಮೆ ಇದ್ದರೆ ಹಿಮದಲ್ಲಿ ಹಿಡಿತ ಜಾಸ್ತಿ ಎಂಬ ಮಾತಿಗೆ ಕಿವಿಗೊಡಬೇಡಿ. ಚಳಿ 10 ಡಿಗ್ರಿ ಹೆಚ್ಚಾದರೆ ಸುಮಾರು 0.1 ಬಾರ್, ಅಂದರೆ ಒಂದೂವರೆ ಪಿಎಸ್‌ಐನಷ್ಟು ಗಾಳಿಯ ಒತ್ತಡ ತಾನಾಗಿಯೇ ಇಳಿದಿರುತ್ತದೆ. ಹಾಗಾಗಿ ಬೆಳಿಗ್ಗೆ ಗಾಡಿ ಹೊರಡಿಸುವ ಮುಂಚೆ, ಟೈರ್ ತಣ್ಣಗಿರುವಾಗಲೇ ಅಳೆದು ಕಂಪನಿ ಹೇಳಿದಷ್ಟು ತುಂಬಿಸಿ.